ಅಚ್ಚುಕಟ್ಟಾಗಿದ್ದ ತಪ್ಪಿಗೆ ಬೀಗ ಬಿದ್ದ ಗ್ರಂಥಾಲಯ

ನಗರದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತಿರುವ ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ಓದುವವರಿಲ್ಲ ಎಂದು ಬರೆದು ನಮ್ಮೂರಿನ ಗ್ರಂಥಾಲಯಕ್ಕೆ ಬೀಗ ಹಾಕಿಸಿದ್ದೀರಿ. ಕಳೆದ ವಾರ ನಿಮ್ಮ ಇಲಾಖೆಯ ವ್ಯಾನು ಬಂದು ಬೀರುಗಳನ್ನೂ ಅವುಗಳಲ್ಲಿದ್ದ ಪುಸ್ತಕಗಳನ್ನೂ ಹೊತ್ತುಕೊಂಡು ಹೋಯಿತು. ಅವು ಯಾವುದೋ ಹೊಸ ಬಡಾವಣೆಗೆ ಹೋಗುತ್ತವಂತೆ. ಅಲ್ಲಿ ಓದುವವರು ಇದ್ದಾರಂತೆ. ಇರಲಿ, ಅವರಿಗೂ ಒಳ್ಳೆಯದಾಗಲಿ. ಆದರೆ ಓದುವವರಿಲ್ಲ ಎಂಬ ಮಾತನ್ನು ನಮ್ಮ ತಲೆಗೆ ಕಟ್ಟಿ ಹೋದಿರಲ್ಲ, ಅದನ್ನು ಹೊತ್ತುಕೊಂಡು ಸುಮ್ಮನಿರಲು ನನ್ನಿಂದಾಗದು. ನಿಮ್ಮ ಕಚೇರಿಗೆ ಬಂದು ಹೇಳಿದ್ದಾಯಿತು, ನೀವು ಕೇಳಲಿಲ್ಲ. ಅದಕ್ಕೇ ಈಗ ಪೇಪರಿಗೆ ಬರೆದು ನಾಲ್ಕು ಜನರ ಎದುರಿಗೆ ಹೇಳುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಫೇಲಾದ ಹೆಂಗಸು. ಪೀಣ್ಯದಾಚೆ, ತುಮಕೂರು ರಸ್ತೆಯಿಂದ ಒಳಗೆ ಇರುವ ಹಳ್ಳಿಯವಳು. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ನಟ್ಟು ಬೋಲ್ಟು ಬೆಳೆಯುತ್ತವೆ. ಉಳಿದ ತುಂಡು ಜಾಗದಲ್ಲಿ ಸಾಲಾಗಿ ಮನೆ ಕಟ್ಟಿ ಕಾರ್ಖಾನೆಯ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಎಂಬತ್ತನೇ ಇಸವಿಯಲ್ಲಿ ನೀವು ಜೀಪಿನಲ್ಲಿ ಬಂದು, ಒಂದು ಕೋಣೆ ಕೊಟ್ಟರೆ ಗ್ರಂಥಾಲಯ ಕೊಡುತ್ತೇನೆ ಎಂದಿರಿ. ಊರಿನಲ್ಲಿ ಖಾಲಿ ಕೋಣೆ ಎಲ್ಲಿತ್ತು? ಇದ್ದಬದ್ದದ್ದೆಲ್ಲ ಬಾಡಿಗೆಗೆ ಹೋಗಿತ್ತು. ಊರಿನ ಹಿರಿಯರಾದ ವೆಂಕಟೇಶಪ್ಪನವರು ಮನೆಮನೆಗೆ ತಿರುಗಿ ಎಲ್ಲರನ್ನೂ ಒಪ್ಪಿಸಿ ಭಜನೆ ಮನೆಯನ್ನೇ ಬಿಟ್ಟುಕೊಡಿಸಿದರು. ರಾಮದೇವರ ಪಟ, ತಾಳ, ಹಾರ್ಮೋನಿಯಂ ಎಲ್ಲವೂ ಅವರ ಜಗಲಿಗೆ ಬಂದವು. ದೇವರನ್ನು ಎಬ್ಬಿಸಿ ನಿಮಗೆ ಜಾಗ ಕೊಟ್ಟೆವು, ಸ್ವಾಮಿ. ಉದ್ಘಾಟನೆಯ ದಿನ ನೀವು ಏನೆಂದಿರಿ ಎಂಬುದು ನಿಮಗೆ ಮರೆತಿರಬಹುದು, ನಮಗೆ ಮರೆತಿಲ್ಲ. "ಪುಸ್ತಕ ಹೊಸದಾಗೇ ಉಳಿದರೆ ಅದು ನನಗೆ ಅವಮಾನ. ಕೈ ಹಚ್ಚಿ ಓದಿ. ಹರಿದು ಹೋದರೆ ಬೇರೆ ಕಳಿಸ್ತೀನಿ" ಎಂದಿರಿ. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು. ಅಷ್ಟು ಗಟ್ಟಿಯಾಗಿ ಹೊಡೆಯಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ತಿಂಗಳಿಗೊಂದು ಚಟುವಟಿಕೆ ನಡೆಸಬೇಕೆಂದು ನಿಮ್ಮ ಸುತ್ತೋಲೆ ಬಂತು. ನಡೆಸಿದೆವು. ನಾವು ಆರಿಸಿಕೊಂಡದ್ದು ಅಮಾವಾಸ್ಯೆಯ ದಿನ. ಕೇಳಿ ನೀವು ನಕ್ಕಿದ್ದೀರಿ, ಗೊತ್ತು. ನಮ್ಮ ಕಡೆ ಆ ದಿನ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ. ಸಣ್ಣ ಕಾರ್ಖಾನೆಗಳಲ್ಲೂ ಯಂತ್ರಗಳಿಗೆ ಪೂಜೆ ಮಾಡಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಮಧ್ಯಾಹ್ನಕ್ಕೇ ಆಳುಗಳನ್ನು ಬಿಟ್ಟುಬಿಡುತ್ತಾರೆ. ಗಂಡಸರು ಹಣೆಗೆ ಕುಂಕುಮ, ಕೈಗೆ ಗ್ರೀಸು ಹಚ್ಚಿಕೊಂಡು ಹಾಗೇ ಬರುತ್ತಿದ್ದರು. ಹೆಂಗಸರು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ಬಿಡಿಸುತ್ತಾ ಕೂರುತ್ತಿದ್ದರು. ಮೊದಲು ಪೇಪರಿನ ಸುದ್ದಿ. ಆಮೇಲೆ, ಯಾರಾದರೂ ಊರಿಗೆ ಕಾಗದ ಬರೆಸಬೇಕಿದ್ದರೆ ಗ್ರಂಥಾಲಯ ನೋಡಿಕೊಳ್ಳುವ ನಮ್ಮ ಶ್ಯಾಮಣ್ಣ ಬರೆದುಕೊಡುತ್ತಿದ್ದ. ಕೊನೆಗೆ ಕಾದಂಬರಿ. ಅದನ್ನು ಗಟ್ಟಿಯಾಗಿ ಓದುತ್ತಿದ್ದವಳು ನಾನು. ಅದಕ್ಕೊಂದು ಕಟ್ಟುಪಾಡೂ ಇತ್ತು. ಎಲ್ಲಿ ನಿಲ್ಲಿಸಿದೆನೋ ಅಲ್ಲಿಂದ ಮುಂದಕ್ಕೆ ನಾನು ಒಬ್ಬಳೇ ಓದಿಕೊಳ್ಳುವ ಹಾಗಿಲ್ಲ. "ನೀನು ಮುಂದ್ಕೆ ಓದ್ಕಂಡ್ ಬಂದ್ರೆ ನಿನ್ ಮೊಕ್ದಾಗೇ ಗೊತ್ತಾಗೋಯ್ತದೆ. ನಮ್ಗೇನು ಉಳೀತದೆ?" ಎಂದು ಹೆಂಗಸರೆಲ್ಲ ಸೇರಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಾಗಾಗಿ ಕಥೆ ತಿಂಗಳಿಂದ ತಿಂಗಳಿಗೆ ಎಲ್ಲರ ಮನೆಯಲ್ಲೂ ಒಟ್ಟಿಗೇ ನಡೆಯುತ್ತಿತ್ತು.

ಇಂಥ ಊರಿಗೆ ನೀವು ತಪಾಸಣೆಗೆ ಬರುತ್ತೀರಿ ಎಂದು ಸುದ್ದಿ ಬಂತು. ನಾವು ಮಾಡಿದ ಎಡವಟ್ಟು ಇಲ್ಲಿಂದ ಶುರು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಮನೆಯಲ್ಲಿ ಏನು ಮಾಡುತ್ತಾರೆ? ಹರಕು ಚಾಪೆ ಒಳಗೆ ಹೋಗುತ್ತದೆ, ಯಾರೂ ಉಡದ ಸೀರೆ ಹೊರಗೆ ಬರುತ್ತದೆ. ನಾವೂ ಅದನ್ನೇ ಮಾಡಿದೆವು. ಗೋಡೆಗೆ ಸುಣ್ಣ ಹೊಡೆದು, ನೆಲ ಸಾರಿಸಿ, ರಂಗೋಲಿ ಬಿಟ್ಟೆವು. ಬೀರು ತೆಗೆದು ನೋಡಿದರೆ ನಾಚಿಕೆಯಾಯಿತು. ಒಂದರ ರಟ್ಟು ಕಿತ್ತುಹೋಗಿದೆ, ಇನ್ನೊಂದರ ಮೇಲೆ ಗ್ರೀಸಿನ ಬೆರಳಚ್ಚು, ಮತ್ತೊಂದರ ಪುಟದಲ್ಲಿ ಹುಣಸೆಹಣ್ಣಿನ ಕಲೆ. ಸಾಹೇಬರ ಕಣ್ಣಿಗೆ ಇವು ಬೀಳಬಾರದು ಎಂದು ಎಲ್ಲವನ್ನೂ ಎರಡು ಗೋಣಿಚೀಲಕ್ಕೆ ತುಂಬಿ ವೆಂಕಟೇಶಪ್ಪನವರ ರಾಗಿ ಕಣಜದ ಹಿಂದೆ ಬಚ್ಚಿಟ್ಟೆವು. ಬೀರಿನಲ್ಲಿ ಉಳಿದದ್ದು ನಾವು ಯಾರೂ ಮುಟ್ಟದ ಪುಸ್ತಕಗಳು. ಅವಕ್ಕೆ ಹೊಸ ಬೈಂಡು ಕಾಗದ ಬೇರೆ ಹೊದಿಸಿದೆವು. ದೊಡ್ಡವರು ಬಂದಾಗ ಗದ್ದಲ ಬೇಡವೆಂದು ಆ ದಿನ ಊರಿನವರು ಯಾರೂ ಆ ಕಡೆ ಸುಳಿಯಬಾರದು ಎಂದು ವೆಂಕಟೇಶಪ್ಪನವರು ಕಟ್ಟಪ್ಪಣೆ ಮಾಡಿದರು. ಇದನ್ನು ನೀವು ದಡ್ಡತನ ಎನ್ನಿ, ಒಪ್ಪುತ್ತೇನೆ. ಮರ್ಯಾದೆ ಎಂಬ ಇನ್ನೊಂದು ಹೆಸರೂ ಅದಕ್ಕಿದೆ.

ನೀವು ಬಂದಿರಿ. ಎಳನೀರು ಕುಡಿದಿರಿ. ಒಂದು ಪುಸ್ತಕ ತೆಗೆದು ಬಿಡಿಸಿದಿರಿ, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಬಹಳ ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರಿ" ಎಂದಿರಿ. ನಮ್ಮ ಎದೆ ಉಬ್ಬಿತು. "ಯಾರೂ ಬಂದಿಲ್ವಲ್ಲ?" ಎಂದು ಕೇಳಿದಿರಿ. ಪಾಪ, ಶ್ಯಾಮಣ್ಣ ಕೈಕಟ್ಟಿ ನಿಂತು, "ತಾವು ಬತ್ತೀರಂತ ಇವತ್ತು ಯಾರ್ನೂ ಒಳಿಕ್ಕೆ ಬಿಟ್ಟಿಲ್ಲ ಸಾರ್" ಎಂದ. ನೀವು ನಕ್ಕು ಅವನ ಬೆನ್ನು ತಟ್ಟಿದಿರಿ. ಆಮೇಲೆ ಬಂದ ಆದೇಶದಲ್ಲಿ ಏನಿತ್ತು? ಪುಸ್ತಕಗಳು ಬಳಕೆಯಾಗಿಲ್ಲ, ಓದುಗರಿಲ್ಲ, ಸಾರ್ವಜನಿಕರಿಗೆ ಪ್ರವೇಶವನ್ನೇ ನೀಡುತ್ತಿಲ್ಲ. ಆ ನಗೆ ಏನು ನಗೆ, ಸ್ವಾಮಿ? ಬೆನ್ನು ತಟ್ಟಿದ ಕೈಯೇ ಅದನ್ನು ಬರೆಯಿತೇ? ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಎದುರಿಗೆ ಬೈದಿದ್ದರೆ ಕಣಜದ ಹಿಂದಿನ ಚೀಲ ತಂದು ಸುರಿಯುತ್ತಿದ್ದೆವು. ಹೊಗಳಿ ಹೋದಿರಿ. ಬೈಸಿಕೊಂಡು ಗೊತ್ತಿರುವ ನಮಗೆ ಹೊಗಳಿಕೆಯ ಏಟು ಎಲ್ಲಿಂದ ಬಿತ್ತೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು.

ಆದೇಶ ಬಂದ ಮೇಲೆ ವೆಂಕಟೇಶಪ್ಪನವರೂ ಶ್ಯಾಮಣ್ಣನೂ ನಾನೂ ಆ ಎರಡು ಚೀಲಗಳನ್ನು ಬಸ್ಸಿಗೆ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆವು. ನಮ್ಮ ಓದಿಗೆ ಸಾಕ್ಷಿ ಕೊಡಲು ಬಂದಿದ್ದೆವು. ವೆಂಕಟೇಶಪ್ಪನವರು ಒಂದೊಂದೇ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ನೋಡಿ ಸಾರ್, ಈ ಗ್ರೀಸು ನಮ್ಮ ಹುಡುಗ್ರುದ್ದು. ಈ ಹುಣ್ಸೇಹಣ್ಣು ನಮ್ಮ ಹೆಂಗಸ್ರುದ್ದು. ಓದಿಲ್ಲ ಅಂತ ಎಂಗಂತೀರಿ?" ಎಂದರು. ನೀವು ಎರಡು ಬೆರಳಲ್ಲಿ ಒಂದನ್ನು ಎತ್ತಿ ನೋಡಿ, "ಸರ್ಕಾರದ ಪುಸ್ತಕಾನ ಈ ಗತಿಗೆ ತಂದಿದ್ದೀರಾ? ಇದನ್ನೆಲ್ಲ ಇಲ್ಲೇ ಬಿಟ್ಟು ಹೋಗಿ. ಇನ್ನೇನಾದರೂ ಮಾತಾಡಿದರೆ ನಿಮ್ಮ ಶ್ಯಾಮಣ್ಣನ ಮೇಲೆ ಕ್ರಮ ತಗೋಬೇಕಾಗುತ್ತೆ" ಎಂದಿರಿ. ಹೊಸದಾಗಿದ್ದರೆ ಓದಿಲ್ಲ, ಹಳತಾಗಿದ್ದರೆ ಹಾಳು ಮಾಡಿದ್ದೀರಿ. ಅತ್ತ ದರಿ, ಇತ್ತ ಪುಲಿ. ಹಾಗಾದರೆ ಓದಿದ ಪುಸ್ತಕ ನಿಮ್ಮ ಇಲಾಖೆಯ ಪ್ರಕಾರ ಹೇಗಿರಬೇಕು? ಹರಿದರೆ ಬೇರೆ ಕಳಿಸುತ್ತೇನೆ ಎಂದಿದ್ದ ಅಧಿಕಾರಿ ಯಾರು? ಕನ್ನಡಕ ಬದಲಾಗಿತ್ತು, ಆದರೆ ದನಿ ಅದೇ ಆಗಿತ್ತು. ಶ್ಯಾಮಣ್ಣನ ಹೊಟ್ಟೆಯ ಮೇಲೆ ಹೊಡೆಯುತ್ತೀರೆಂದು ನಾವು ಬಾಯಿ ಮುಚ್ಚಿಕೊಂಡು ಎದ್ದು ಬಂದೆವು. ವೆಂಕಟೇಶಪ್ಪನವರು ಬಸ್ಸಿನಲ್ಲಿ ಖಾಲಿ ಗೋಣಿಚೀಲಗಳನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ಕುಳಿತಿದ್ದರು. ಭಜನೆ ಮನೆಯನ್ನು ಬಿಟ್ಟುಕೊಡಿಸಿದವರು ಅವರಲ್ಲವೇ? ಊರಿಗೆ ಮುಖ ತೋರಿಸಬೇಕಾದವರೂ ಅವರೇ. ಈಗ ಶ್ಯಾಮಣ್ಣನ ಕೆಲಸವೂ ಹೋಗಿದೆ. ಹಾಗಾಗಿ ನನ್ನ ಬಾಯಿಗೆ ಹಾಕಲು ನಿಮ್ಮ ಬಳಿ ಬೇರೆ ಬೀಗವಿಲ್ಲ.

ಹೋದ ಪುಸ್ತಕಗಳಿಗೆಲ್ಲ ಅಳುತ್ತಾ ಕೂರುವಷ್ಟು ಬಿಡುವು ನನಗಿಲ್ಲ. ಒಂದೇ ಒಂದು ಪುಸ್ತಕದ ಸಂಕಟ ಹೇಳುತ್ತೇನೆ. ಅಶ್ವತ್ಥಮ್ಮ ಎಂದು ನಮ್ಮ ಬೀದಿಯವಳು, ಲೇತ್ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾಳೆ. ಅವಳ ಒಬ್ಬಳೇ ಮಗಳು ಮಾರಕ್ಕ, ಗಂಡನ ಹೊಡೆತ ತಾಳಲಾರದೆ ಹೋದ ಕಾರ್ತಿಕದಲ್ಲಿ ಬಟ್ಟೆ ಗಂಟು ಹಿಡಿದು ಬಂದಳು. ಅಶ್ವತ್ಥಮ್ಮ ಬಾಗಿಲು ತೆಗೆಯಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಒಳಗಿನಿಂದಲೇ ಹೇಳಿಬಿಟ್ಟಳು. ಆ ಹುಡುಗಿಯನ್ನು ನಾನು ನಮ್ಮ ಮನೆಗೆ ಕರೆದುಕೊಂಡೆ, ಅಂದಿನಿಂದ ಇಲ್ಲೇ ಇದ್ದಾಳೆ. ನಾವು ಆಗ ಓದುತ್ತಿದ್ದ ಕಾದಂಬರಿಯಲ್ಲಿ, ಯಾರೂ ಬೇಕೆಂದು ಮಾಡಿದ್ದಲ್ಲ, ಅದೇ ಕಥೆ ಬಂತು. ಗಂಡನ ಮನೆ ಬಿಟ್ಟ ಮಗಳು ತವರಿನ ಬಾಗಿಲಲ್ಲಿ ನಿಂತಿದ್ದಾಳೆ, ತಾಯಿ ಒಳಗಿದ್ದಾಳೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ಅವರೆಕಾಯಿ ಬಿಡಿಸುತ್ತಿದ್ದ ಕೈಗಳೆಲ್ಲ ನಿಂತಿದ್ದವು. ಯಾರೂ ಅಶ್ವತ್ಥಮ್ಮನ ಕಡೆ ನೋಡಲಿಲ್ಲ. ಅವಳು ಮಾತ್ರ ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, "ನಾಗಲಕ್ಷ್ಮಕ್ಕ, ಆ ಯಮ್ಮ ಏನ್ ಮಾಡ್ತಾಳೋ ನೋಡಾನ. ಅಮಾಸೆ ಬರ್ಲಿ" ಎಂದಳು.

ಅಮಾವಾಸ್ಯೆಗೆ ಮುಂಚೆ ನಿಮ್ಮ ಆದೇಶ ಬಂತು. ಆ ಪುಸ್ತಕವೂ ಗೋಣಿಚೀಲದಲ್ಲಿತ್ತು, ನಾವೇ ಕೈಯಾರೆ ತಂದು ನಿಮಗೆ ಒಪ್ಪಿಸಿದೆವು. ಕೊಟ್ಟ ಮಾತಿನಂತೆ ನಾನು ಮುಂದೆ ಓದಿರಲಿಲ್ಲ, ಊರಿನಲ್ಲಿ ಬೇರೆ ಯಾರೂ ಓದಿಲ್ಲ. ಅಶ್ವತ್ಥಮ್ಮ ಈಗ ಎರಡು ಸಲ ನಮ್ಮ ಮನೆಯ ಗೇಟಿನವರೆಗೆ ಬಂದು ಹಿಂದಿರುಗಿದ್ದಾಳೆ. "ಪುಸ್ತಕ ಬಂತಾ ಅಕ್ಕ?" ಎಂದು ಕೇಳುತ್ತಾಳೆ. ಅವಳಿಗೆ ಪುಸ್ತಕ ಬೇಕಾಗಿಲ್ಲ, ಬಾಗಿಲು ತೆಗೆದ ಒಬ್ಬಳು ತಾಯಿ ಬೇಕಾಗಿದ್ದಾಳೆ ಎಂದು ನನಗೆ ಗೊತ್ತು. ನಾನು ಹೇಳಿದರೆ ಅದು ಪಕ್ಕದ ಮನೆಯವಳ ಬುದ್ಧಿಮಾತು, ಕೇಳುವುದಿಲ್ಲ. ಬೇಲಿಯ ಈಚೆ ಮಾರಕ್ಕ ತಾಯಿಯ ದನಿ ಕೇಳಿ ಒಳಗೆ ಓಡುತ್ತಾಳೆ. ಇದನ್ನು ಕಣ್ಣಾರೆ ನೋಡುವವಳು ನಾನು, ನೀವಲ್ಲ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ನಮ್ಮ ಭಜನೆ ಮನೆಗೆ ಹಾಕಿದ ಬೀಗ ತೆಗೆಯಿರಿ, ಶ್ಯಾಮಣ್ಣನನ್ನು ಮತ್ತೆ ಕೂರಿಸಿ, ಬೀರುಗಳನ್ನು ವಾಪಸು ಕಳಿಸಿ. ಅದಕ್ಕೆ ಮೇಲಿನವರ ಸಹಿ ಬೇಕು, ಕಾಲ ಹಿಡಿಯುತ್ತದೆ ಎನ್ನುತ್ತೀರಿ. ಹಿಡಿಯಲಿ. ಹುಣಸೆಹಣ್ಣಿನ ಕಲೆಯಿರುವ ಆ ಒಂದು ಪುಸ್ತಕ ಕೊಡಲು ಯಾರ ಸಹಿಯೂ ಬೇಕಿಲ್ಲ, ನೀವು ಕುರ್ಚಿಯಿಂದ ಎದ್ದರೆ ಸಾಕು. ಅಷ್ಟೂ ಆಗದಿದ್ದರೆ, ಹಾಳಾದ ಆ ಪುಸ್ತಕವನ್ನು ನೀವೇ ತೆರೆದು ಮುಂದಿನ ಅಧ್ಯಾಯ ಓದಿ. ಆ ತಾಯಿ ಬಾಗಿಲು ತೆಗೆದಿದ್ದರೆ ಒಂದು ಕಾರ್ಡು ಹಾಕಿ. ತೆಗೆಯದಿದ್ದರೂ ತೆಗೆದಳೆಂದೇ ಬರೆಯಿರಿ. ಇದ್ದದ್ದನ್ನು ಇಲ್ಲ ಎಂದು ಬರೆದ ನಿಮಗೆ ಇಲ್ಲದ್ದನ್ನು ಇದೆ ಎಂದು ಬರೆಯುವುದು ಕಷ್ಟವಾಗಲಾರದು.

ಇಂತಿ,
ಮುಂದಿನ ಪುಟ ತಿಳಿಯದೆ ಕುಳಿತಿರುವ
ನಾಗಲಕ್ಷ್ಮಮ್ಮ
(ನಿಮ್ಮ ಲೆಕ್ಕದಲ್ಲಿ ಇಲ್ಲದ ಓದುಗಾರ್ತಿ)