ಕಲ್ಲುಮುಖದ ಮಹಾರಾಣಿ

ರಾಯಚೂರು, ೧೪ ಜುಲೈ ೨೦೨೫, ಸೋಮವಾರ.

ವಾರದಿಂದ ಮನಸ್ಸನ್ನು ಕೊರೆಯುತ್ತಿದ್ದ ಮಾತಿಗೆ ಇಂದು ಉತ್ತರ ಕೊಟ್ಟೆ. ಗೆದ್ದೆ.

ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಮೆಹನಾಜಳ ಹೊಲಿಗೆ ಕೋಣೆಯಲ್ಲಿ ಕುಳಿತು ಆ ಚೀನೀ ರಾಜವಂಶದ ಧಾರಾವಾಹಿಯನ್ನು ಕನ್ನಡದ ಡಬ್ಬಿಂಗಿನಲ್ಲಿ ನೋಡುತ್ತೇವೆ. ಕಳೆದ ವಾರ, ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಮಹಾರಾಣಿ ಅಳಲಿಲ್ಲವೆಂದು ಎಲ್ಲರೂ ಆ ನಟಿಯನ್ನು ಹಳಿದರು. ಮೆಚ್ಚಿದವಳು ನಾನೊಬ್ಬಳೇ.

"ಅಕ್ಕೋರ, ಆಕಿ ಮಾರಿ ಕಲ್ಲಾಗ್ಯದ. ನೀವೂ ಸಾಲ್ಯಾಗ ಹಂಗ ಕುಂದರತಿದ್ರಿ, ಅದಕ್ಕ ನಿಮಗ ಮೆಚ್ಚಿಗಿ!" ಎಂದು ಗಬ್ಬೂರಿನ ಯಮನಮ್ಮ ನಗಿಸಿದ್ದಳು. ಮೂವತ್ತನಾಲ್ಕು ವರ್ಷ ಶಿಕ್ಷಕಿಯಾಗಿ ಮಕ್ಕಳ ಮುಖಗಳನ್ನೇ ಓದಿದವಳಿಗೆ ಈ ಮಾತು!

ಇಂದು ಅದೇ ಕಂತನ್ನು ಮತ್ತೊಮ್ಮೆ ಹಾಕಿಸಿದೆ. "ದನಿ ಪೂರ್ತಿ ಬಂದ್ ಮಾಡವ್ವಾ" ಎಂದೆ.

"ದನಿ ಇಲ್ದ ಏನ್ ನೋಡೋದ್ರೀ?" ಎಂದು ಗೊಣಗುತ್ತಲೇ ಮೆಹನಾಜ್ ಬಂದ್ ಮಾಡಿದಳು. ನನ್ನ ಲೆಕ್ಕದಲ್ಲಿ ಇವರು ಇಷ್ಟು ದಿನ ಬೈದದ್ದು ಆ ನಟಿಯನ್ನಲ್ಲ, ಪಾಠ ಒಪ್ಪಿಸಿದಂತೆ ಮಾತಾಡಿದ ಡಬ್ಬಿಂಗಿನವಳನ್ನು.

ಸದ್ದಿಲ್ಲದ ಪರದೆಯಲ್ಲಿ ಮಹಾರಾಣಿ ಮಗನ ಬಟ್ಟಲಿಗೂ ಚಹಾ ಸುರಿದಳು. ಗದ್ದ ಒಮ್ಮೆ ನಡುಗಿತು. ತುಟಿ ಬಿಗಿಹಿಡಿದು ಅದನ್ನು ನಿಲ್ಲಿಸಿದಳು. ಮೆಹನಾಜಳ ಕತ್ತರಿ ಅರಿವೆಯ ನಡುವೆಯೇ ನಿಂತಿತು.

"ಯವ್ವಾ, ಒಳಗೊಳಗ ಅಳಾಕತ್ತಾಳ್ರೀ!" ಯಮನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ದನಿ ಹಚ್ಚಲೇನ್ರೀ?" ಎಂದಳು ಮೆಹನಾಜ್.

"ಸುಮ್ನಿರ ಬೇ! ಅಕ್ಕೋರು ಹೇಳೋತನಕ ಹಚ್ಚಬ್ಯಾಡ" ಎಂದು ಯಮನಮ್ಮ ಗದರಿದಳು.

ಎಲ್ಲರೂ ನನ್ನತ್ತ ತಿರುಗಿದರು. ಒಂದು ವಾರದಿಂದ ಸಿದ್ಧಪಡಿಸಿಟ್ಟ ಮಾತುಗಳಿದ್ದವು. ಒಂದನ್ನೂ ಆಡಲಿಲ್ಲ. ಆಡಿದ್ದರೆ ನನ್ನ ಗದ್ದವೂ…