ಒಡೆದ ಕುಂಡದ ಗಿಡ

ಭಾನುವಾರ, ಹದಿನಾಲ್ಕನೆಯ ತಾರೀಖು
ಮಧ್ಯಾಹ್ನ, ಊಟವಾದ ಮೇಲೆ

ಗುಬ್ಬೀ,

ಹೀಗೆ ಕರೆಯಬಹುದೋ ಬಾರದೋ ಗೊತ್ತಿಲ್ಲ. ಬೇರೆ ರೀತಿ ಶುರು ಮಾಡೋಣವೆಂದು ಮೂರು ಹಾಳೆ ಹರಿದು ಹಾಕಿದೆ, ಕೈ ಓಡಲಿಲ್ಲ.

ನಿನ್ನ ನಾಲ್ಕು ಸಾಲಿನ ಕಾಗದ ತಲುಪಿತು. ಜೊತೆಗಿದ್ದ ವಿಚ್ಛೇದನದ ಅರ್ಜಿಯೂ ತಲುಪಿತು. ನೀನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದ ಮೂರೂ ಕಡೆ ಸಹಿ ಹಾಕಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಹಿ ಹಾಕುವಾಗ ಏನಾದರೂ ಅನ್ನಿಸಬಹುದೆಂದು ಸ್ವಲ್ಪ ಹೊತ್ತು ಕಾದೆ. ಏನೂ ಅನ್ನಿಸಲಿಲ್ಲ. ಅಂಗಡಿಯಲ್ಲಿ ರಿಪೇರಿ ಚೀಟಿ ಬರೆದ ಹಾಗೇ ಇತ್ತು.

ಇನ್ನು ಗಿಡಗಳ ವಿಷಯ. ಇಪ್ಪತ್ತಕ್ಕೆ ವ್ಯಾನ್ ಬರುತ್ತದೆ, ನನ್ನ ಏಳು ಪಾಮ್ ಗಿಡಗಳನ್ನು ಹತ್ತಿಸಿ ಕಳಿಸಿ ಎಂದು ಬರೆದಿದ್ದೀಯ. ವ್ಯಾನ್ ಬೇಡ. ಅವು ಈಗ ಕುಂಡದಲ್ಲಿಲ್ಲ, ಹಿತ್ತಲಲ್ಲಿ ನೆಟ್ಟಿದ್ದೇನೆ. ನಿನ್ನನ್ನು ಒಂದು ಮಾತು ಕೇಳದೆ ಮಾಡಿದ್ದು ತಪ್ಪು, ಹೊಟ್ಟೆಗೆ ಹಾಕಿಕೊ.

ನೀನು ಅಕ್ಕನ ಮನೆಗೆ ಹೋದ ಮೇಲೆ ವಾರಕ್ಕೆರಡು ಸಲ ಚಿಕ್ಕ ಕೋಣೆಯ ಬಾಗಿಲು ತೆಗೆದು, ಕುಂಡಗಳಿಗೆ ನೀರು ಹಾಕಿ, ಹಾಗೇ ಮುಚ್ಚಿ ಬರುತ್ತಿದ್ದೆ. ಆ ಕೋಣೆಯಲ್ಲಿ ನಾನು ಎಷ್ಟು ಹೊತ್ತು ನಿಲ್ಲಬಲ್ಲೆ ಎಂಬುದು ನಿನಗೆ ಗೊತ್ತು. ತೊಟ್ಟಿಲು ಇಡಬೇಕೆಂದು ನಾವಿಬ್ಬರೂ ಹಳದಿ ಬಣ್ಣ ಬಳಿದ ಕೋಣೆ. ಆಸ್ಪತ್ರೆಯಲ್ಲಿ ಎರಡೇ ದಿನ, ಆಮೇಲೆ ತೊಟ್ಟಿಲು ಅಂಗಡಿಗೆ ವಾಪಸ್ಸು ಹೋಯಿತು. ಮರುದಿನ ನಾನು ಎಂದಿನಂತೆ ಗಡಿಯಾರದಂಗಡಿ ತೆರೆದೆ. ನೀನು ಓಡಾಡುವಂತಾದ ಮೇಲೆ ನರ್ಸರಿಗೆ ಹೋಗಿ, ಏಳು ಕುಂಡ ತಂದು ಆ ಕೋಣೆ ತುಂಬಿಸಿದೆ. ಯಾಕೆ ಎಂದು ನಾನು ಕೇಳಲಿಲ್ಲ.

ಎರಡು ತಿಂಗಳ ಹಿಂದೆ ನೋಡಿದರೆ ಕುಂಡಗಳ ತೂತಿನಿಂದ ಬೇರು ಹೊರಗೆ ಬಂದಿತ್ತು. ಎಲ್ಲಕ್ಕಿಂತ ಚಿಕ್ಕ ಗಿಡದ ಕುಂಡ ಸೀಳಿಯೇ ಹೋಗಿತ್ತು. ನರ್ಸರಿಯ ಮುದುಕರ ಹತ್ತಿರ ಹೋದೆ. ಅವರು ನಿನ್ನನ್ನು ವಿಚಾರಿಸಿದರು, ಚೆನ್ನಾಗಿದ್ದಾಳೆ ಎಂದೆ. ಕೋಣೆಯಲ್ಲಿ ಬೆಳೆದದ್ದನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಗರಿ ಸುಟ್ಟುಹೋಗುತ್ತದಂತೆ, ದಿನಕ್ಕಿಷ್ಟು ಎಂದು ಒಗ್ಗಿಸಬೇಕಂತೆ. ಮೊದಲ ದಿನ ಎಳೆಬಿಸಿಲು ಅರ್ಧ ಗಂಟೆ, ಮರುದಿನ ಮುಕ್ಕಾಲು. ಸಮಯ ನೋಡುವ ಕೆಲಸವನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ರಿಪೇರಿಗೆ ಬಂದಿದ್ದ ಅಲಾರಾಂ ಒಂದನ್ನು ಕಿಟಕಿಯಲ್ಲಿಟ್ಟುಕೊಂಡೆ. ಅದು ಬಡಿದುಕೊಂಡಾಗ ಏಳು ಕುಂಡ ಹೊರಗೆ, ಇನ್ನೊಮ್ಮೆ ಬಡಿದುಕೊಂಡಾಗ ಏಳು ಕುಂಡ ಒಳಗೆ. ಮೂರು ವಾರ ಅಂಗಡಿ ತೆರೆಯುವುದು ತಡವಾಯಿತು. ನಿಮ್ಮ ಗಡಿಯಾರವೇ ಕೆಟ್ಟಿದೆಯೇ ಎಂದು ಎದುರಿನ ಟೈಲರ್ ಕಾಲೆಳೆದ.

ನೆಡುವುದರ ಬಗ್ಗೆಯೂ ಮುದುಕರು ಹೇಳಿದ್ದರು. ಬುಡ ಕುಂಡದಲ್ಲಿ ಎಷ್ಟು ಹೂತಿತ್ತೋ ನೆಲದಲ್ಲೂ ಅಷ್ಟೇ ಹೂಳಬೇಕು. ಬೇರಿನ ಮುದ್ದೆಯನ್ನು ಮುಟ್ಟಬಾರದು, ಬಿಡಿಸಬಾರದು, ಮಣ್ಣಿನ ಸಮೇತ ಇಳಿಸಬೇಕು. ಕೊನೆಯ ಮಾತನ್ನು ಎರಡೆರಡು ಸಲ ಹೇಳಿದರು. ಗುಂಡಿ ತೋಡಿ ನನ್ನ ಸೊಂಟ ಹಿಡಿದುಕೊಂಡಿತು. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಸಾಲಾಗಿ ನೆಟ್ಟು, ಮಧ್ಯಾಹ್ನದ ಬಿಸಿಲಿಗೆ ಹಳೆಯ ಬೆಡ್‌ಶೀಟ್ ಕಟ್ಟಿದ್ದೇನೆ. ನಿನ್ನ ಕಾಗದ ಬರುವ ಮೊದಲೇ ಎಲ್ಲ ಮುಗಿದಿತ್ತು ಎಂದು ಬರೆಯೋಣ ಅಂತಿದ್ದೆ. ನಿಜವೆಂದರೆ ಕೊನೆಯ ಎರಡನ್ನು ಕಾಗದ ಬಂದ ಮೇಲೆ ನೆಟ್ಟೆ.

ಈಗ ಕೋಣೆ ಖಾಲಿ. ನೆಲದ ಮೇಲೆ ಏಳು ದುಂಡನೆಯ ಕಲೆಗಳಿವೆ, ಒರೆಸಿದರೂ ಹೋಗಲಿಲ್ಲ. ಅಲ್ಲೇ ಕೂತು ಚಹಾ ಕುಡಿದೆ. ಅಳು ಬರಬಹುದು ಅಂದುಕೊಂಡೆ, ಬರಲಿಲ್ಲ. ಕಾಲಿಗೆ ಜೋಮು ಹಿಡಿದರೆ ತಟ್ಟಿ ಸರಿಮಾಡಿಕೊಳ್ಳಬಹುದು. ಇದಕ್ಕೆ ಎಲ್ಲಿ ತಟ್ಟಬೇಕೋ ತಿಳಿಯಲಿಲ್ಲ.

ಹೊರಡುವ ದಿನ ನೀನು ಹೇಳಿದ್ದು ನೆನಪಿದೆ. "ನೀವು ಅತ್ತಿದ್ರೂ ಆಗ್ತಿತ್ತು, ಬೈದಿದ್ರೂ ಆಗ್ತಿತ್ತು. ಮೂರು ವರ್ಷದಲ್ಲಿ ಒಂದ್ಸಲನಾದ್ರೂ 'ಮಗು' ಅನ್ನೋ ಮಾತು ನಿಮ್ಮ ಬಾಯಲ್ಲಿ ಬರ್ಲಿಲ್ವಲ್ಲ." ನಿನ್ನ ಸೂಟ್‌ಕೇಸಿನ ಹಿಡಿ ಸಡಿಲವಾಗಿತ್ತು, ಸ್ಕ್ರೂ ಬಿಗಿ ಮಾಡಿಕೊಟ್ಟೆ.

ಏಳೂ ಗಿಡಗಳು ಚೆನ್ನಾಗಿವೆ, ಹೊಸ ಸುಳಿ ಬಿಟ್ಟಿವೆ. ನೆಲಕ್ಕೆ ಹೋದದ್ದನ್ನು ಈಗ ಕಿತ್ತರೆ ಉಳಿಯುವುದಿಲ್ಲವಂತೆ. ನೋಡಬೇಕೆನಿಸಿದರೆ ನೀನೇ ಬರಬೇಕು. ಬೀಗದ ಕೈ ಇದ್ದಲ್ಲೇ ಇದೆ. ನಾನು ಅಂಗಡಿಯಲ್ಲಿರುವ ಹೊತ್ತು ನೋಡಿ ಬಂದರೂ ನನಗೆ ಬೇಸರವಿಲ್ಲ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನೀನು ಇಟ್ಟ ಹೆಸರಿನಲ್ಲೇ ಸಹಿ ಮಾಡುತ್ತಿದ್ದೇನೆ,
ಟಿಕ್‌ಟಿಕ್ ರಾಯ

ಮತ್ತೆ: ಲಕೋಟೆಗೆ ಅಂಟು ಹಚ್ಚುವ ಮೊದಲು ಇಷ್ಟು ಬರೆಯಬೇಕು. ಏಳು ಎಂದದ್ದು ಸುಳ್ಳು. ಇರುವುದು ಆರು. ಒಡೆದ ಕುಂಡದ ಗಿಡವನ್ನು ಎಲ್ಲಕ್ಕಿಂತ ಮೊದಲು ತೆಗೆದಿದ್ದೆ. ಬೇರು ಸುತ್ತಿ ಸುತ್ತಿ ಗಡಿಯಾರದ ಸ್ಪ್ರಿಂಗಿನ ಹಾಗೆ ಬಿಗಿದುಕೊಂಡಿತ್ತು. ಮುಟ್ಟಬೇಡಿ ಎಂದಿದ್ದರು ನಿಜ. ಆದರೆ ಬಿಗಿದುಕೊಂಡದ್ದನ್ನು ಕಂಡರೆ ಬಿಚ್ಚದೆ ಬಿಡದ ಕೈ ಇದು. ಬೋಗುಣಿಯಲ್ಲಿ ನೀರಿಟ್ಟುಕೊಂಡು, ಅಂಗಡಿಯ ಚಿಮಟ, ಬ್ರಷ್ ತಂದು, ಒಂದೊಂದೇ ಬೇರು ಬಿಡಿಸಿ, ತೊಳೆದು, ನೇರ ಮಾಡಿ ನೆಟ್ಟೆ. ಇಡೀ ಭಾನುವಾರ ಹಿಡಿಯಿತು. ಒಂಬತ್ತನೆಯ ದಿನ ಸುಳಿ ಮುಟ್ಟಿದರೆ ಕಿತ್ತು ಕೈಗೇ ಬಂತು.

ಮರುದಿನ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಲೆನ್ಸ್ ಒದ್ದೆಯಾಗಿ ಏನೂ ಕಾಣದಾಯಿತು. ಏನಾಯಿತಪ್ಪಾ ಎಂದು ಅವರು ಕೇಳಿದರು. ಗಿಡ ಸತ್ತಿತೆಂದು ಹೇಳಲು ನಾಚಿಕೆಯಾಯಿತು. "ಮಗು ಹೋಗ್ಬಿಡ್ತು" ಅಂದೆ. ಯಾವಾಗ ಎಂದರು. "ಮೂರು ವರ್ಷ ಆಯ್ತಮ್ಮ" ಅಂದೆ. ಅವರು ಸ್ಟೂಲ್ ಎಳೆದುಕೊಂಡು ನನ್ನ ಎದುರಿಗೆ ಕೂತರು. ನಾನು ಅಳುವುದು ಮುಗಿಯುವವರೆಗೂ ಕೂತಿದ್ದರು.

ಅವರಿಗೆ ಹೇಳಿದ್ದನ್ನು ನಿನಗೆ ಮೊದಲು ಹೇಳಬೇಕಿತ್ತು. ಅವರಿಗೂ ಹೇಳದೆ ಉಳಿದದ್ದು ಒಂದಿದೆ. ನಮ್ಮ ಮಗಳ ಎಡಗೈಯ ಕಿರುಬೆರಳು ನಿನ್ನದರ ಹಾಗೇ ಸ್ವಲ್ಪ ಡೊಂಕಾಗಿತ್ತು. ನಾನು ನೋಡಿದ್ದೆ.