ಲುಕ್ಕಾ ಹೇಗಿತ್ತು ಎಂದು ಕೇಳಿದ್ದೀ

ಬ್ರಿಡ್ಜ್‌ವಾಟರ್
ಸೆಪ್ಟೆಂಬರ್, ಶನಿವಾರ ಬೆಳಿಗ್ಗೆ

ಹಂಸಿನೀ,

'ಚಿ. ಸೌ.' ಎಂದು ಆರಂಭಿಸಿ ಒಂದು ಹಾಳೆ ಹರಿದು ಹಾಕಿದೆ. ಹಾಗೆ ಬರೆಯುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯಲಿಲ್ಲ. ನಮ್ಮ ಋಷಿಯ ಹೆಂಡತಿಯಾಗಿ ನಾಲ್ಕು ವರ್ಷ ನನ್ನನ್ನು ಅತ್ತೆ ಎಂದು ಕರೆದವಳು ನೀನು. ನಿಮ್ಮಿಬ್ಬರ ಡಿವೋರ್ಸ್ ಆಗಿ ಎರಡು ವರ್ಷದ ಮೇಲಾಯಿತು. ಈ ಮಂಗಳವಾರ ನಿನ್ನ ಮೆಸೇಜು ಬಂದಾಗ ನಾನು ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನಿಂತಿದ್ದೆ. 'ಆಂಟಿ, ಜೂನ್‌ನಲ್ಲಿ ನಕುಲ್ ಜೊತೆ ನನ್ನ ಮದುವೆ ಆಯ್ತು. ಅಕ್ಟೋಬರ್‌ನಲ್ಲಿ ಇಬ್ಬರೂ ಇಟಲಿಗೆ, ಲುಕ್ಕಾಗೆ ಹೋಗ್ತಿದೀವಿ. ನೀವು ಹೋಗಿದ್ರಲ್ಲ, ಏನು ನೋಡ್ಬೇಕು, ಎಲ್ಲಿ ತಿನ್ಬೇಕು, ರೆಕಮೆಂಡ್ ಮಾಡ್ತೀರಾ? ಹೇಗಿತ್ತು ಅಂತ ನನಗೆ ಗೊತ್ತೇ ಆಗ್ಲಿಲ್ಲ.'

ಕೊನೆಯ ವಾಕ್ಯವನ್ನು ಅಲ್ಲೇ ನಿಂತು ನಾಲ್ಕು ಸಲ ಓದಿದೆ. ಹಿಂದಿದ್ದ ಹೆಂಗಸು 'ಎಕ್ಸ್‌ಕ್ಯೂಸ್ ಮಿ' ಎಂದು ಬುಟ್ಟಿ ತಾಗಿಸಿದ ಮೇಲೆ ಎಚ್ಚರವಾಯಿತು. ಅವತ್ತು ಬೆಂಡೆಕಾಯಿ ತಾರದೆ ಮನೆಗೆ ಬಂದೆ.

ಫೋನಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕಾದರೆ ನೀನು ಕೇಳದೇ ಇರುವುದನ್ನೂ ಹೇಳಬೇಕು. ಅದಕ್ಕೆ ಕಾಗದವೇ ಸರಿ. ನಮ್ಮ ಮನೆಯ ಚಿಕ್ಕವರಲ್ಲಿ ನನ್ನ ಕನ್ನಡ ಅಕ್ಷರ ಓದಬಲ್ಲವಳು ನೀನೊಬ್ಬಳೇ ಆಗಿದ್ದೆ. ಇವರು ದೇವಸ್ಥಾನಕ್ಕೆ ಹೋಗಿದ್ದಾರೆ, ಮಧ್ಯಾಹ್ನ ಬರುತ್ತಾರೆ. ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಮೊದಲು ನಿನಗೆ ಬೇಕಾದದ್ದು. ಫ್ಲಾರೆನ್ಸಿನಿಂದ ಲುಕ್ಕಾಗೆ ಸಣ್ಣ ರೈಲು. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಯಂತ್ರದೊಳಗೆ ತುರುಕಿ ಮುದ್ರೆ ಹಾಕಿಸಬೇಕು. ನಮಗೆ ಅದು ರೈಲು ಬಿಟ್ಟ ಮೇಲೆ ಗೊತ್ತಾಯಿತು. ಇವರು ಒಂದೂವರೆ ಗಂಟೆ ಟಿಕೆಟ್ ಕೈಯಲ್ಲಿ ಹಿಡಿದು, ಅಪರಾಧಿಯಂತೆ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಯಾರೂ ಬರಲಿಲ್ಲ. ಸ್ಟೇಷನ್ನಿನಿಂದ ಊರಿಗೆ ನಡೆದೇ ಹೋಗಬಹುದು. ಎದುರಿಗೇ ಕೋಟೆ ಗೋಡೆ, ಅದರ ಬಾಗಿಲು ದಾಟಿದರೆ ಊರು. ಟ್ಯಾಕ್ಸಿಗೆ ಕಾಯಬೇಡಿ.

ಆ ಪ್ರವಾಸವನ್ನು ಗೊತ್ತುಮಾಡಿದವಳೇ ನೀನು. ನಮ್ಮ ಮದುವೆಗೆ ಮೂವತ್ತೈದು ವರ್ಷ ತುಂಬುತ್ತದೆ ಎಂದು, ನಮಗೆ ಹೇಳದೆ ಮನೆ ಹುಡುಕಿ, ವಿಮಾನದ ಟಿಕೆಟ್ ತೆಗೆದು, ದೀಪಾವಳಿಯ ದಿನ ಲಕೋಟೆ ಕೈಗೆ ಕೊಟ್ಟೆ. 'ರೋಮ್‌ನಲ್ಲಿ ತುಂಬಾ ಜನ ಅತ್ತೆ, ಮಾವನ ಮಂಡಿಗೆ ಆಗಲ್ಲ. ಇದು ಸಣ್ಣ ಊರು, ಸಮತಟ್ಟು' ಎಂದಿದ್ದೆ. ಜನವರಿಯಲ್ಲಿ ನೀವಿಬ್ಬರೂ ಬೇರೆಯಾಗುವ ಸುದ್ದಿ ಹೇಳಿದಿರಿ. ಏಪ್ರಿಲ್‌ನಲ್ಲಿ ಪ್ರವಾಸ. 'ಕ್ಯಾನ್ಸಲ್ ಮಾಡೋಣ' ಎಂದರು ಇವರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಆಗ ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.

ಆ ಜನವರಿಯ ಭಾನುವಾರ ನಿನಗೆ ನೆನಪಿರುತ್ತದೆ. ಋಷಿ ಸೋಫಾದ ಆ ಕೊನೆಯಲ್ಲಿ, ನೀನು ಈ ಕೊನೆಯಲ್ಲಿ. 'ವಿ ಹ್ಯಾವ್ ಡಿಸೈಡೆಡ್' ಎಂದು ಋಷಿ ಹೇಳಿದ. ಇವರು ನಿನ್ನ ಕಡೆಗೇ ತಿರುಗಿದರು. 'ನಮ್ಮ ಮನೆಗೆ ಹೊಂದಿಕೊಳ್ಳೋ ಮನಸ್ಸೇ ನಿನಗೆ ಇರಲಿಲ್ಲ ಬಿಡು' ಎಂದರು. ಋಷಿ ನೆಲ ನೋಡಿದ. ನೀನು ನನ್ನನ್ನು ನೋಡಿದೆ. ನಾನು ಎದ್ದು ಖಾಲಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದೆ.

ಹಂಸಿನಿ, ಆ ದಿನ ನನಗೆ ಎಲ್ಲ ಗೊತ್ತಿತ್ತು. ಹತ್ತು ದಿನ ಮುಂಚೆ ಋಷಿ ಒಬ್ಬನೇ ಬಂದು ನನಗೆ ಹೇಳಿ ಹೋಗಿದ್ದ. ಈ ಮದುವೆ ಬೇಡವೆನ್ನಿಸಿದ್ದು ಅವನಿಗೆ. ನೀನು ಒಂದು ವರ್ಷದಿಂದ ಸರಿಮಾಡಲು ಪ್ರಯತ್ನಿಸುತ್ತಿದ್ದೆ, ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿದ್ದೆ, ಅವನಿಗೇ ಆಗಲಿಲ್ಲ. 'ಅಪ್ಪನಿಗೆ ನಾನೇ ಹೇಳ್ತೀನಿ' ಎಂದಿದ್ದ. ಹೇಳಲಿಲ್ಲ. ನಾನೂ ಹೇಳಲಿಲ್ಲ. ಇವರ ಬಾಯಿಂದ ಆ ಮಾತು ಬಂದಾಗ 'ರೀ, ಅವಳದ್ದಲ್ಲ, ನಮ್ಮ ಮಗನದ್ದು' ಎನ್ನಲು ನನಗೆ ಒಂದು ಕ್ಷಣ ಸಾಕಿತ್ತು. ಮಗನನ್ನು ಅಪ್ಪನ ಕಣ್ಣಲ್ಲಿ ಸಣ್ಣವನನ್ನಾಗಿ ಮಾಡಲು ಮನಸ್ಸು ಬರಲಿಲ್ಲ. ನಿನ್ನನ್ನು ಮಾಡಿದೆ.

ಇದನ್ನು ಬರೆದು ಒಂದು ಲೋಟ ಕಾಫಿ ಕುಡಿದು ಬಂದೆ.

ಲುಕ್ಕಾದಲ್ಲಿ ನೀನು ಹಿಡಿದಿದ್ದ ಮನೆಯ ಒಡತಿ ಫ್ರಾಂಕಾ. ಎಪ್ಪತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಮಾತು ಜೋರು. ಬಾಗಿಲು ತೆಗೆದವಳು ನಮ್ಮಿಬ್ಬರ ಬೆನ್ನ ಹಿಂದೆ ಇಣುಕಿ, 'ಮಗಳು ಎಲ್ಲಿ?' ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 'ಅವಳು ಬರಲಿಲ್ಲ' ಎಂದೆ. ಫ್ರಾಂಕಾಳ ಮುಖ ಇಳಿದುಹೋಯಿತು. ಮನೆ ಗೊತ್ತುಮಾಡಿದವಳೂ ಜೊತೆಗೆ ಬರುತ್ತಾಳೆಂದುಕೊಂಡು, ನಿನ್ನನ್ನು ಕಾಣದೆಯೇ ನಿನಗಾಗಿ ಕಾದಿದ್ದಳು ಆಕೆ.

ಅಡುಗೆಮನೆಯಲ್ಲಿ ಒಂದು ಹೊಸ ಪಾತ್ರೆ, ಒಂದು ಚೀಲ ಅಕ್ಕಿ, ಮೊಸರು. ಮಲಗುವ ಕೋಣೆಯಲ್ಲಿ ಇವರ ಕಾಲಿನ ಕೆಳಗಿಡಲು ಎರಡು ಗಟ್ಟಿ ದಿಂಬು. ನಾನು ಆಶ್ಚರ್ಯಪಟ್ಟಿದ್ದು ಕಂಡು ಆಕೆ ಪಕ್ಕದ ತನ್ನ ಮನೆಗೆ ಹೋಗಿ ಕಾಗದಗಳ ಕಟ್ಟು ತಂದಳು. ನಿನ್ನ ಈಮೇಲ್‌ಗಳು. ಇಂಗ್ಲಿಷ್ ಸರಿಯಾಗಿ ಅರ್ಥವಾಗಲಿ ಎಂದು ಎಲ್ಲವನ್ನೂ ಪ್ರಿಂಟ್ ಮಾಡಿಸಿಟ್ಟುಕೊಂಡಿದ್ದಳಂತೆ. ಹನ್ನೊಂದಿದ್ದವು. ಇವರು ಕನ್ನಡಕ ಹಾಕಿಕೊಂಡು ನಿಂತಲ್ಲೇ ಜೋರಾಗಿ ಓದಲು ಶುರು ಮಾಡಿದರು. ಮಾವನಿಗೆ ಮೆಟ್ಟಿಲು ಆಗುವುದಿಲ್ಲ, ನೆಲಮಹಡಿಯೇ ಬೇಕು. ಅವರಿಗೆ ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತದೆ, ಹತ್ತಿರದಲ್ಲಿ ನಡೆಯಲು ಜಾಗವಿದೆಯೇ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. 'ನನ್ನ ಅತ್ತೆ ತಾವಾಗಿ ಏನನ್ನೂ ಕೇಳುವುದಿಲ್ಲ, ಬೇಡ ಎನ್ನುತ್ತಾರೆ. ದಯವಿಟ್ಟು ಎರಡನೇ ಸಲ ಕೇಳಿ.' ಅಲ್ಲಿಗೆ ಬಂದಾಗ ಇವರ ದನಿ ಸಣ್ಣದಾಯಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ಕಾಗದಗಳನ್ನು ಫ್ರಾಂಕಾಳಿಗೆ ವಾಪಸ್ ಕೊಟ್ಟು, 'ಥ್ಯಾಂಕ್ ಯು' ಎಂದು ಹೊರಗೆ ಹೋಗಿ ಕುಳಿತರು.

ಆ ರಾತ್ರಿ ಊಟಕ್ಕೆ ಕುಳಿತಾಗ ಇವರೇ ಬಾಯಿಬಿಟ್ಟರು. 'ಹೊಂದಿಕೊಳ್ಳೋ ಮನಸ್ಸಿಲ್ಲ ಅಂದುಬಿಟ್ಟೆನಲ್ಲ ರಮಾ. ಇಷ್ಟೆಲ್ಲ ಮಾಡಿದವಳು ಹಾಗೆ ಯಾಕೆ ಬಿಟ್ಟು ಹೋದಳು?' ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಮಾರನೇ ದಿನ ಕೋಟೆ ಗೋಡೆಯ ಮೇಲೆ ಹೋದೆವು. ನೀವೂ ಮೊದಲು ಅಲ್ಲಿಗೇ ಹೋಗಿ. ಗೋಡೆ ಎಂದರೆ ಏನೋ ಅಂದುಕೊಂಡಿದ್ದೆ, ಅದೊಂದು ದೊಡ್ಡ ರಸ್ತೆಯಷ್ಟು ಅಗಲ, ಎರಡು ಕಡೆ ಮರ, ಊರನ್ನು ಪೂರ್ತಿ ಸುತ್ತಿ ಬರುತ್ತದೆ. ಕಾರಿಲ್ಲ. ಒಂದು ಕಡೆ ಕೆಳಗೆ ಹೆಂಚಿನ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ನಿಂಬೆ ಗಿಡ. ಇನ್ನೊಂದು ಕಡೆ ಬಯಲು, ಆಚೆಗೆ ಬೆಟ್ಟ. ಸೈಕಲ್ ಬಾಡಿಗೆಗೆ ಕೊಡುತ್ತಾರೆ, ನೀವು ತೆಗೆದುಕೊಳ್ಳಿ. ನಾವು ನಡೆದೆವು. ಹಾಗೆ ನಡೆಯುತ್ತಲೇ, ಇವರ ಮುಖ ನೋಡದೆ, ಋಷಿ ಬಂದು ಹೇಳಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟೆ.

ಇವರು ನಿಂತರು. 'ಯಾವತ್ತು ಗೊತ್ತಾಯ್ತು ನಿನಗೆ?' ಎಂದರು. 'ಅವರಿಬ್ಬರೂ ಬರೋಕೆ ಹತ್ತು ದಿನ ಮುಂಚೆ' ಎಂದೆ. 'ಅಂದ್ರೆ ಗೊತ್ತಿದ್ದೂ ನನ್ನ ಕೈಲಿ ಆ ಮಾತು ಆಡಿಸಿದೆ' ಎಂದು ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದರು. ಮಂಡಿ ನೋವಿನ ಮನುಷ್ಯ ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಕೂಗಲಿಲ್ಲ. ನನ್ನ ಫೋನು ಮನೆಯಲ್ಲಿ ಚಾರ್ಜಿಗಿತ್ತು, ಬೀಗದ ಕೈ ಇವರ ಜೇಬಿನಲ್ಲಿ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕುಳಿತು ಅತ್ತೆ. ಆಮೇಲೆ ಏನು ಮಾಡುವುದೆಂದು ತಿಳಿಯದೆ ಮುಂದಕ್ಕೆ ನಡೆದೆ.

ಸೋಜಿಗವೆಂದರೆ, ಒಬ್ಬಳೇ ನಡೆಯುತ್ತ ನಡೆಯುತ್ತ ನನ್ನ ಎದೆ ಹಗುರಾಯಿತು. ಮೂರು ತಿಂಗಳ ಮೇಲೆ ಮೊದಲ ಸಲ ಹಗುರಾಯಿತು. ಅಲ್ಲಿನ ಹೂವೊಂದೂ ನನಗೆ ಗುರುತಾಗಲಿಲ್ಲ, ಆದರೆ ಮರಗಳೆಲ್ಲ ಹೊಸ ಎಲೆಯಲ್ಲಿದ್ದವು. ಒಬ್ಬ ಮುದುಕ ನಾಯಿಗೆ ಏನೋ ಬುದ್ಧಿ ಹೇಳುತ್ತಿದ್ದ. ನನ್ನನ್ನು ಕಂಡು ಟೋಪಿ ಎತ್ತಿದ. ನಾನೂ ಕೈ ಎತ್ತಿದೆ. ಇವರು ಕ್ಷಮಿಸಲಿ, ಬಿಡಲಿ, ಹೇಳಿದ್ದಾಯಿತು ಎನ್ನಿಸಿತು.

ಮುಕ್ಕಾಲು ಗಂಟೆಯಾಗಿತ್ತೇನೋ, ಎದುರಿನಿಂದ ಇವರು ಬರುತ್ತಿದ್ದರು. ಗೋಡೆ ಸುತ್ತಾಗಿದೆಯಲ್ಲ, ಬೆನ್ನು ತಿರುಗಿಸಿ ಹೋದವರು ಎದುರಾಗಲೇಬೇಕು. ಕುಂಟುತ್ತಿದ್ದರು. ಹತ್ತಿರ ಬಂದು, 'ಹಸಿವು' ಎಂದರು. ಅಷ್ಟೇ.

ಕೆಳಗಿಳಿದು, ಒಂದು ಪಿಟ್ಸಾ ಅಂಗಡಿಯಲ್ಲಿ ಚೆಚಿನಾ ತಿಂದೆವು. ಅದನ್ನು ತಪ್ಪದೆ ತಿನ್ನು ಹಂಸಿನಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಟ್ಟೆಯಲ್ಲಿ ಒಲೆಯೊಳಗಿಟ್ಟು ಬೇಯಿಸಿ, ತುಂಡು ಮಾಡಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು. ಇವರು ಮೂರು ತುಂಡು ತಿಂದರು. ಮೂರನೆಯದರ ಮಧ್ಯೆ, 'ನಾವಿಬ್ಬರೂ ಸೇರಿ ಆ ಹುಡುಗಿಗೆ ತುಂಬಾ ಅನ್ಯಾಯ ಮಾಡಿದ್ವಿ' ಎಂದರು. 'ನಾವಿಬ್ಬರೂ' ಎಂದರಲ್ಲ, ಆಗ ನನಗೆ ಮತ್ತೆ ಅಳು ಬಂತು. ಅಂಗಡಿಯವಳು ಕೇಳದೆಯೇ ನೀರು ತಂದಿಟ್ಟಳು.

ಆಗ ಪ್ರಿನ್ಸ್‌ಟನ್‌ನಲ್ಲಿ ಬೆಳಗಿನ ಹೊತ್ತು, ನೀನು ಲ್ಯಾಬಿಗೆ ಡ್ರೈವ್ ಮಾಡುತ್ತಿರಬಹುದು ಎಂದು ಲೆಕ್ಕ ಹಾಕಿದೆವು. ಇವರು ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡಿದರು. 'ಏನಂತ ಶುರು ಮಾಡೋದು?' ಎಂದರು. ಊರಿಗೆ ಹೋದ ಮೇಲೆ ಎಂದುಕೊಂಡೆವು. ಬಂದ ಮೇಲೆ, ಋಷಿಯನ್ನು ಕೂರಿಸಿಕೊಂಡು ಮಾತಾಡಿದರು. ಅವನು, 'ಐ ಲೆಟ್ ಹರ್ ಟೇಕ್ ದ ಬ್ಲೇಮ್, ಅಪ್ಪ. ಐ ನೋ' ಎಂದ. ನಿನಗೆ ಬರೆಯುತ್ತೇನೆ ಎಂದ. ಬರೆದನೋ ಇಲ್ಲವೋ ನಾನು ಕೇಳಿಲ್ಲ. ನಾವಂತೂ ಬರೆಯಲಿಲ್ಲ. ನಾಚಿಕೆಗೆ ದಿನ ಕಳೆದಷ್ಟೂ ತೂಕ ಹೆಚ್ಚು. ನಿನ್ನ ಮೆಸೇಜು ಬರದಿದ್ದರೆ ಇನ್ನೆಷ್ಟು ವರ್ಷ ಹೀಗೇ ಇರುತ್ತಿದ್ದೆವೋ. ಮೊದಲ ಹೆಜ್ಜೆ ಇಡಬೇಕಾದವರು ನಾವು, ಇಟ್ಟವಳು ನೀನು.

ಉಳಿದ ಐದು ದಿನ ನಾವು ಸುಖವಾಗಿದ್ದೆವು. ಅದನ್ನು ಹೇಳಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಇವರು ಗೋಡೆಯ ಮೇಲೆ ಒಂದು ಸುತ್ತು ಹೋಗಿ, ಬ್ರೆಡ್ಡು ತರುತ್ತಿದ್ದರು. ಒಣದ್ರಾಕ್ಷಿ, ಸೋಂಪು ಹಾಕಿದ ಬ್ರೆಡ್ಡು ಆ ಊರಿನದ್ದೇ, ಕಾಫಿಯ ಜೊತೆ ಬಹಳ ಚೆನ್ನ. ಹಿಂದೆ ಬಯಲು ರಂಗಮಂದಿರವಾಗಿದ್ದ ಜಾಗದಲ್ಲಿ ಈಗ ಮೊಟ್ಟೆಯಾಕಾರದ ಚೌಕವಿದೆ, ಸುತ್ತ ಹಳದಿ ಮನೆಗಳು. ಅಲ್ಲಿ ಊಟ ಮಾಡಬೇಡಿ, ಜನಜಂಗುಳಿ, ರುಚಿಯೂ ಸಾಧಾರಣ. ಕಾಫಿ ಕುಡಿದು ಸುಮ್ಮನೆ ಕುಳಿತಿರಿ. ನೆತ್ತಿಯ ಮೇಲೆ ಮರ ಬೆಳೆದಿರುವ ಗೋಪುರವೊಂದಿದೆ. ಇವರು ಕೆಳಗೆ ಕುಳಿತರು, ನಾನೊಬ್ಬಳೇ ಹತ್ತಿದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ಹೋಗಿ ಮರದ ನೆರಳಲ್ಲಿ ನಿಂತು ಇಡೀ ಊರು ನೋಡಿದೆ. ಅರವತ್ತೆರಡು ವರ್ಷಕ್ಕೆ ಹತ್ತಿದೆನಲ್ಲ ಎಂದು ಎಷ್ಟು ಹೆಮ್ಮೆಯಾಯಿತೆಂದರೆ, ಪಕ್ಕದಲ್ಲಿದ್ದ ಜಪಾನಿ ಹುಡುಗಿಯ ಕೈಗೆ ಫೋನು ಕೊಟ್ಟು ಫೋಟೋ ತೆಗೆಸಿಕೊಂಡೆ. ರಾತ್ರಿ ಊಟದ ಹೋಟೆಲುಗಳು ಏಳೂವರೆಯವರೆಗೆ ತೆರೆಯುವುದಿಲ್ಲ, ಸಂಜೆಗೆ ಏನಾದರೂ ತಿಂದಿರಿ.

ಈಗ ಇವರು ದೇವಸ್ಥಾನದಿಂದ ಬಂದರು. ಏನು ಬರೆಯುತ್ತಿದ್ದೀಯ ಎಂದು ಕೇಳಿದರು, ಕೊಟ್ಟೆ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಪೂರ್ತಿ ಓದಿದರು. ಪೆನ್ನು ಕೇಳಿದರು. ಕನ್ನಡ ಬರೆದು ಮೂವತ್ತು ವರ್ಷವಾಗಿದೆ, ತಪ್ಪಿದ್ದರೆ ತಿದ್ದಬೇಡ ಎಂದಿದ್ದಾರೆ. ಮುಂದಿನದು ಅವರ ಅಕ್ಷರ.

ಹಂಸಿನಿ, ನಾನು ಶಂಕರನಾರಾಯಣ. ಅವತ್ತು ನಾನು ಹೇಳಿದ್ದು ಸುಳ್ಳು. ವಿಷಯ ಗೊತ್ತಿಲ್ಲದೆ ಹೇಳಿದೆ ಅನ್ನುವುದು ನೆಪ. ಗೊತ್ತಿಲ್ಲದಿದ್ದರೂ ಹೇಳಬಾರದಿತ್ತು. ನೀನು ಕಳಿಸಿದ ಊರಿನಲ್ಲಿ ಏಳು ದಿನ ಇದ್ದೆವು, ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಅವೂ ಸೇರಿವೆ. ಬಂದ ದಿನವೇ ಫೋನ್ ಮಾಡಿ ಹೇಳಬೇಕಿತ್ತು. ಕ್ಷಮಿಸು. ನಕುಲ್‌ಗೆ ನನ್ನ ನಮಸ್ಕಾರ.

ಇಷ್ಟು ಬರೆಯಲು ಇವರಿಗೆ ಅರ್ಧ ಗಂಟೆ ಹಿಡಿಯಿತು. ಈಗ ಸ್ಟಾಂಪು ಹುಡುಕುತ್ತಿದ್ದಾರೆ, ಇವತ್ತೇ ಪೋಸ್ಟ್ ಆಗಬೇಕಂತೆ.

ನೀನು ಉತ್ತರ ಬರೆಯಬೇಕೆಂದಿಲ್ಲ, ನಮ್ಮನ್ನು ಮನೆಗೆ ಕರೆಯಬೇಕೆಂದೂ ಇಲ್ಲ. ನಿನ್ನ ಬದುಕು ಮತ್ತೆ ಕೂಡಿಕೊಂಡಿತೆಂದು ಕೇಳಿ ನನಗಾದ ಸಂತೋಷ ನಿಜವಾದದ್ದು, ಅಷ್ಟು ತಿಳಿದರೆ ಸಾಕು. ಇಬ್ಬರೂ ಹೋಗಿ ಬನ್ನಿ. ಹೊಟ್ಟೆ ತುಂಬ ತಿನ್ನಿ, ಕಾಲು ನೋಯುವಷ್ಟು ನಡೆಯಿರಿ, ಜಗಳವಾದರೆ ಅಲ್ಲೇ ಆಡಿ ಮುಗಿಸಿ. ನೂರು ವರ್ಷ ಜೊತೆಯಾಗಿ ಬಾಳಿ.

ರಮಾಮಣಿ